ಗಾಳಿಯನ್ನು ಸೋಸುವ ಕರಿ ಕಾಳು
ಚಿಪ್ಸ್ ಪೊಟ್ಟಣಕ್ಕೆ ತುಂಬುವ ನೈಟ್ರೋಜನ್ನನ್ನು ಎಷ್ಟೋ ಕಾರ್ಖಾನೆಗಳು ಹೊರಗಿನಿಂದ ಕೊಳ್ಳುವುದಿಲ್ಲ. ತಮ್ಮ ಅಂಗಳದ ಗಾಳಿಯಿಂದಲೇ ಪಡೆಯುತ್ತವೆ. ಗಾಳಿಯಲ್ಲಿ ಶೇ. 78ರಷ್ಟು ಇರುವುದು ಅದೇ. ಆಕ್ಸಿಜನ್ ತೆಗೆದರಾಯಿತು. ಆ ತೆಗೆಯುವ ಬಗೆಯಲ್ಲಿದೆ ಸೊಗಸು.

ಆಕ್ಸಿಜನ್ ಅಣುವಿನ ಅಗಲ ಸುಮಾರು 3.46 ಆಂಗ್‌ಸ್ಟ್ರಾಂ, ನೈಟ್ರೋಜನ್ನಿನದು 3.64. ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು! ಇಷ್ಟು ಸಣ್ಣ ಅಂತರವನ್ನು ಗುರುತಿಸುವುದು ಯಂತ್ರದ ಗೋಪುರದಲ್ಲಿ ತುಂಬಿದ ಇಂಗಾಲದ ಕರಿ ಕಾಳುಗಳು. ಒತ್ತಡದ ಗಾಳಿ ನುಗ್ಗಿದಾಗ ಆಕ್ಸಿಜನ್ ಅವುಗಳ ರಂಧ್ರಗಳಿಗೆ ಚುರುಕಾಗಿ ಇಳಿಯುತ್ತದೆ. ನೈಟ್ರೋಜನ್ ಬಾಗಿಲಲ್ಲೇ ತಡವರಿಸಿ, ಮುಂದೆ ಸಾಗುತ್ತದೆ. ಸಮಯ ಕೊಟ್ಟರೆ ಅದೂ ಒಳಹೊಕ್ಕೀತು. ಹಾಗಾಗಿ ಸುಮಾರು ಒಂದು ನಿಮಿಷದಲ್ಲೇ ಕವಾಟ ಹೊರಳಿ ಒತ್ತಡ ಇಳಿಯುತ್ತದೆ, ಕಾಳುಗಳು ಹಿಡಿದ ಆಕ್ಸಿಜನ್ನನ್ನು ಬಿಟ್ಟುಕೊಡುತ್ತವೆ. ಅಷ್ಟರಲ್ಲಿ ಪಕ್ಕದ ಗೋಪುರ ಕೆಲಸಕ್ಕಿಳಿದಿರುತ್ತದೆ. ಬೆಂಕಿಯಿಲ್ಲ, ರಾಸಾಯನಿಕ ಕ್ರಿಯೆಯೂ ಇಲ್ಲ. ಎಂಥ ಜಾಣತನ!

2021ರ ಏಪ್ರಿಲ್‌ನಲ್ಲಿ, ಕೋವಿಡ್ ರೋಗಿಗಳು ಉಸಿರಿಗೆ ಪರದಾಡುತ್ತಿದ್ದಾಗ, ಐಐಟಿ ಬಾಂಬೆಯ ತಜ್ಞರು ಇಂಥದೇ ಘಟಕದಲ್ಲಿ ಇಂಗಾಲದ ಬದಲು ಜಿಯೊಲೈಟ್ ಎಂಬ ರಂಧ್ರಮಯ ಖನಿಜ ತುಂಬಿದರು. ಅದು ಹಿಡಿಯುವುದು ನೈಟ್ರೋಜನ್ನನ್ನು. ನೈಟ್ರೋಜನ್ ಕೊಡುತ್ತಿದ್ದ ಯಂತ್ರ ಶೇ. 93ರಿಂದ 96ರಷ್ಟು ಶುದ್ಧ ಆಕ್ಸಿಜನ್ ಕೊಟ್ಟಿತು.