ಎಂಟು ಓಮ್ ಎಂಬ ನಂಬಿಕೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವೂಫರ್, ಟ್ವೀಟರ್ ಕೊಂಡವರು ಅವುಗಳ ಜೊತೆಗೇ, ತಗ್ಗಿನ ದನಿಯನ್ನು ವೂಫರಿಗೂ ಏರಿದ ದನಿಯನ್ನು ಟ್ವೀಟರಿಗೂ ಹಂಚುವ ಒಂದು ರೆಡಿಮೇಡ್ ಕ್ರಾಸೋವರ್ ಬೋರ್ಡನ್ನೂ ಕಟ್ಟಿಸಿಕೊಂಡು ಬರುವುದುಂಟು. ಮನೆಯಲ್ಲೇ ಸ್ಪೀಕರ್ ಮಾಡಿಕೊಳ್ಳುವವರ ಈ ರೂಢಿಯ ಬಗ್ಗೆ ನನಗೆ ತಕರಾರಿದೆ. ಪ್ಲೈವುಡ್ಡನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕೊಯ್ದು, ಸಂದಿಗಳಿಗೆ ಫೆವಿಕಾಲ್ ತುಂಬಿ, ಪಾಲಿಶ್ ಹೊಡೆಯುವವರು, ದನಿಯ ಹಣೆಬರಹ ಬರೆಯುವ ಭಾಗವನ್ನು ಮಾತ್ರ ಯಾರದೋ ಲೇಬಲ್ಲಿಗೆ ಒಪ್ಪಿಸಿಬಿಡುತ್ತಾರೆ.

ಸೂತ್ರ ನೋಡಿ ತಾವೇ ಲೆಕ್ಕ ಹಾಕುವವರೂ ಬಹಳ ಮುಂದೇನೂ ಹೋಗಿರುವುದಿಲ್ಲ. 8 ಓಮಿನ ಸ್ಪೀಕರ್, ದನಿ ಭಾಗವಾಗುವುದು 3000 ಹರ್ಟ್ಸಿನಲ್ಲಿ ಎಂದರೆ ಟ್ವೀಟರಿಗೆ 6.6 ಮೈಕ್ರೋಫ್ಯಾರಡ್ ಕೆಪಾಸಿಟರ್, ವೂಫರಿಗೆ 0.42 ಮಿಲಿಹೆನ್ರಿ ಕಾಯಿಲ್. ಗಣಿತ ಸರಿಯೇ. ಆದರೆ ಅದು ಸ್ಪೀಕರನ್ನು ಬರೀ ರೆಸಿಸ್ಟರ್ ಎಂದುಕೊಂಡಿದೆ. ವೂಫರಿನ ವಾಯ್ಸ್ ಕಾಯಿಲ್ಲಿಗೇ 0.5 ಮಿಲಿಹೆನ್ರಿ ಇಂಡಕ್ಟೆನ್ಸ್ ಇದೆಯೆನ್ನಿ. ಫ್ರೀಕ್ವೆನ್ಸಿ ಏರಿದಂತೆ ಅದರ ಇಂಪೀಡೆನ್ಸೂ ಏರುತ್ತದೆ. ನಾವು ಹಾಕಿದ ಕಾಯಿಲ್, ಒಳಗಿರುವ ಕಾಯಿಲ್ ಎರಡೂ ವೋಲ್ಟೇಜನ್ನು ಹಂಚಿಕೊಂಡು ಕೂರುತ್ತವೆ. ಎಷ್ಟು ಮೇಲೆ ಹೋದರೂ ತಗ್ಗುವುದು ಸುಮಾರು 5 ಡೆಸಿಬಲ್ ಅಷ್ಟೇ. ಫಿಲ್ಟರ್ ಇದೆ, ಸೋಸುವುದಿಲ್ಲ. ವೂಫರಿಗೆ ಅಡ್ಡಲಾಗಿ 7.5 ಓಮ್ ರೆಸಿಸ್ಟರನ್ನೂ 9 ಮೈಕ್ರೋಫ್ಯಾರಡ್ ಕೆಪಾಸಿಟರನ್ನೂ ಸರಣಿಯಲ್ಲಿ ಕೂರಿಸಿದರೆ, ಅಂದರೆ ಜೋಬೆಲ್ ಹಾಕಿದರೆ, ಆ ಏರಿಕೆ ಬಹುಮಟ್ಟಿಗೆ ತಣಿಯುತ್ತದೆ.

ಟ್ವೀಟರಿನದು ಇದರ ತಿರುವುಮುರುವು. ಹೆಚ್ಚಿನ ಗುಮ್ಮಟದ ಟ್ವೀಟರುಗಳು 1000 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತವೆ. ಅಲ್ಲಿ ಇಂಪೀಡೆನ್ಸ್ ಗುಡ್ಡದಂತೆ ಏಳುತ್ತದೆ. ಬಿಗಿಯಾಗಿ ತಡೆಯಬೇಕಾದ ಜಾಗದಲ್ಲೇ ಒಂಟಿ ಕೆಪಾಸಿಟರ್ ಕೈ ಸಡಿಲಿಸುತ್ತದೆ. ಕೇಳುವವರಿಗೆ 'ಸ' ಕಾರಗಳು ಚುಚ್ಚುತ್ತವೆ, ಮಾಡಿದವರು ದುಬಾರಿ ಕೆಪಾಸಿಟರ್ ಹುಡುಕಲು ಹೊರಡುತ್ತಾರೆ. ಆ ದುಡ್ಡಿಗೆ ಅಳತೆಯ ಮೈಕ್ ಬರುತ್ತಿತ್ತು!

ಬಿಬಿಸಿಯ ಎಲ್ಎಸ್3/5ಎ ಸ್ಪೀಕರನ್ನು ನೋಡಿ. 1970ರ ದಶಕದ ಆ ಪುಟ್ಟ ಪೆಟ್ಟಿಗೆಯ ಕ್ರಾಸೋವರ್ ಬರೀ ಭಾಗ ಮಾಡುವ ಕೆಲಸದ್ದಲ್ಲ. ಅದರ ವೂಫರಿನ ಉಬ್ಬುತಗ್ಗನ್ನೂ ತಿದ್ದುತ್ತದೆ. ಅಳೆದ ಮೇಲೆ ಹುಟ್ಟಿದ ಫಿಲ್ಟರ್ ಅದು; ಅದನ್ನೇ ಕಳಚಿ ಬೇರೆ ವೂಫರಿಗೆ ಜೋಡಿಸಿದರೆ ಕೆಲಸಕ್ಕೆ ಬಾರದು.

ಅಳತೆಯ ಹಾದಿಗೂ ಮಿತಿಯಿದೆ. ಲಿಂಕ್‌ವಿಟ್ಸ್-ರೈಲಿ ಎಂಬ ಕ್ರಾಸೋವರ್ ಮಾದರಿಯಲ್ಲಿ ಎರಡೂ ದನಿಗಳು ಕೂಡುವ ಬಿಂದುವಿನಲ್ಲಿ ತಲಾ 6 ಡೆಸಿಬಲ್ ತಗ್ಗಿ, ಒಂದೇ ಹೆಜ್ಜೆಯಲ್ಲಿ, ಅಂದರೆ ಒಂದೇ ಫೇಸಿನಲ್ಲಿ, ಕೂಡಿಕೊಳ್ಳಬೇಕು. ಪರೀಕ್ಷೆ ಸುಲಭ: ಟ್ವೀಟರಿನ ಪ್ಲಸ್ ಮೈನಸ್ ಅದಲುಬದಲು ಮಾಡಿ ಅಳೆದರೆ ಗ್ರಾಫಿನಲ್ಲಿ ಆಳದ ಗುಂಡಿ ಬೀಳಬೇಕು. ಆದರೆ ಆ ಗುಂಡಿ ಮೈಕ್ ಇಟ್ಟ ಎತ್ತರದ ಮಾತು. 3000 ಹರ್ಟ್ಸಿನ ಅಲೆಯ ಉದ್ದ 11 ಸೆಂಟಿಮೀಟರ್ ಚಿಲ್ಲರೆ. ವೂಫರ್, ಟ್ವೀಟರಿನ ನಡುವೆ 15 ಸೆಂಟಿಮೀಟರ್ ಬಿಟ್ಟಿದ್ದರೆ, ಹತ್ತಿರ ಕೂತವರು ಎದ್ದು ನಿಂತಾಗ ಆ ಲೆಕ್ಕ ತಪ್ಪುತ್ತದೆ. ಅದನ್ನು ಯಾವ ಕೆಪಾಸಿಟರೂ ಸರಿಮಾಡದು. ಪ್ಲೈವುಡ್ಡಿನಲ್ಲಿ ತೂತು ಕೊರೆಯುವ ಮೊದಲೇ ಅವೆರಡನ್ನೂ ಹತ್ತಿರ ತರಬೇಕಿತ್ತು.