ಹಳಿಗಳು ಕವಲೊಡೆಯುವಲ್ಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಊರುಗಳಲ್ಲಿ ರೈಲು ನಿಲ್ದಾಣವಿರುವುದು ಬಂಟ್ವಾಳಕ್ಕೆ ಮಾತ್ರ. ಉಳಿದೆರಡು ಊರುಗಳವರು ರೈಲು ಕಾಣಬೇಕಾದರೆ ಬಸ್ಸು ಹಿಡಿದು ಹೊರಡಬೇಕು. ಇತ್ತೀಚೆಗೆ ಈ ಮೂರೂ ಊರುಗಳ ಒಬ್ಬೊಬ್ಬ ಯುವಕ ತಾವು ತೆಗೆದ ಛಾಯಾಚಿತ್ರಗಳನ್ನು ತಂದು ನನ್ನ ಅಭಿಪ್ರಾಯ ಕೇಳಿದರು. ಮೂವರ ವಸ್ತುವೂ ಒಂದೇ: ಹಳಿಯಿಂದ ಹಳಿಗೆ ರೈಲನ್ನು ದಾಟಿಸುವ ಜಾಗ. ಅಂದು ಅವರಿಗೆ ಹೇಳಿದ್ದನ್ನೂ ಹೇಳದೆ ಉಳಿದದ್ದನ್ನೂ ಓದುಗರ ಮುಂದಿಡುತ್ತಿದ್ದೇನೆ.

ಹಳಿಗಳು ಕೂಡುವ ಬಗೆ ಒಂದೇ ಅಲ್ಲ. ಎರಡು ಸಮಾನಾಂತರ ಮಾರ್ಗಗಳ ನಡುವೆ ಓರೆಯಾಗಿ ಹಾಯ್ದಿರುವುದು ಕ್ರಾಸ್‌ಓವರ್. ಅಂಥ ಎರಡು ಒಂದನ್ನೊಂದು ಕತ್ತರಿಸಿದರೆ ಅದು ‘ಸಿಸರ್ಸ್’; ಹೆಸರಿನಂತೆಯೇ ಕತ್ತರಿಯ ಆಕಾರ. ಒಂದು ಮಾರ್ಗ ಇನ್ನೊಂದನ್ನು ಅಡ್ಡ ಕಡಿದು ಹೋಗುವುದು ‘ಡೈಮಂಡ್’, ನಾಗಪುರದ್ದು ಪ್ರಸಿದ್ಧ. ಅಂಥ ಬರಿಯ ಡೈಮಂಡಿನಲ್ಲಿ ಹಳಿಗಳು ಸಂಧಿಸಿದರೂ ರೈಲಿಗೆ ದಾರಿ ಬದಲಿಸುವ ಅವಕಾಶವಿಲ್ಲ. ನಮ್ಮ ಬಂಟ್ವಾಳದಲ್ಲಿ ಇಂಥ ವೈಭವವೇನೂ ಇಲ್ಲ. ಏಕಹಳಿಯ ಮಾರ್ಗದಿಂದ ಲೂಪಿಗೆ ಒಂದು ಕವಲು, ಅಷ್ಟೆ. ಒಂದು ರೈಲು ಅಲ್ಲಿ ಕಾದು ನಿಂತು ಎದುರಿನದಕ್ಕೆ ದಾರಿ ಬಿಡುತ್ತದೆ. ಡಬ್ಬಿಯಲ್ಲಿ ಕುಳಿತವರು ‘ಕ್ರಾಸಿಂಗ್ ಇದೆ’ ಎಂದು ನಿಟ್ಟುಸಿರು ಬಿಡುವುದು ಇದಕ್ಕೇ.

ಮೂಡುಬಿದಿರೆಯ ಯುವಕನ ಚಿತ್ರ ಮಂಗಳೂರು ಜಂಕ್ಷನ್ನಿನದು. ದೂರದಿಂದ ಉದ್ದನೆಯ ಲೆನ್ಸಿನಲ್ಲಿ ಸೆರೆಹಿಡಿದದ್ದು. ಹಳಿಗಳು ಹಾವುಗಳಂತೆ ಹೆಣೆದುಕೊಂಡಿವೆ. ನೋಡಿದ ಕೂಡಲೇ ಮನಸ್ಸು ಬೆರಗಾಗುತ್ತದೆ. ಆದರೆ ಆ ತಿರುವು ಅಲ್ಲಿಲ್ಲ. ‘ಹನ್ನೆರಡಕ್ಕೆ ಒಂದು’ ಎನ್ನುವ ಕವಲಿನಲ್ಲಿ ಹಳಿ ಹನ್ನೆರಡು ಅಡಿ ಮುಂದೆ ಸಾಗಿದಾಗ ಪಕ್ಕಕ್ಕೆ ಸರಿಯುವುದು ಒಂದೇ ಅಡಿ. ವೇಗದಲ್ಲಿ ಬರುವ ಭಾರವಾದ ರೈಲನ್ನು ಅಷ್ಟು ಮೃದುವಾಗಿಯೇ ತಿರುಗಿಸಬೇಕು. ದೂರವನ್ನು ಕುಗ್ಗಿಸುವ ಲೆನ್ಸು ಆ ಮೃದುತ್ವವನ್ನೇ ಅಳಿಸಿಬಿಟ್ಟಿದೆ. ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಜ್ 1902ರಲ್ಲಿ ತೆಗೆದ ‘ದಿ ಹ್ಯಾಂಡ್ ಆಫ್ ಮ್ಯಾನ್’ ಎಂಬ ಚಿತ್ರದಲ್ಲೂ ರೈಲ್ವೆ ಯಾರ್ಡಿನ ಹಳಿಗಳು ಬಾಗಿ ಮಿನುಗುತ್ತವೆ, ಎದುರಿನಿಂದ ಹೊಗೆಯುಗುಳುತ್ತ ಎಂಜಿನ್ ಬರುತ್ತದೆ. ಅಲ್ಲಿ ಬೆರಗು ಹುಟ್ಟುವುದು ಬೆಳಕಿನಿಂದ ಮತ್ತು ಹೊಗೆಯಿಂದ; ಹಳಿಯನ್ನು ಹಾವಾಗಿಸಿ ಅಲ್ಲ.

ಬೆಳ್ತಂಗಡಿಯ ಯುವಕ ಮೇಲ್ಸೇತುವೆಯಿಂದ ಕೆಳನೋಟದ ಚಿತ್ರ ತೆಗೆದಿದ್ದಾನೆ. ರೇಖೆಗಳು ನಿಚ್ಚಳವಾಗಿವೆ, ಅಳತೆ ಸುಳ್ಳಾಗಿಲ್ಲ. ಹಳಿಗಳು ಒಂದನ್ನೊಂದು ಕಡಿಯುವ ಬಿಂದುವನ್ನು ನಟ್ಟನಡುವೆ ಇಟ್ಟು, ಕೆಳಗೆ ‘ಜೀವನದ ಕವಲುದಾರಿ’ ಎಂದು ಬರೆದಿದ್ದಾನೆ. ಕಂಡದ್ದರಲ್ಲೆಲ್ಲ ಪಾಠ ಹುಡುಕುವ ಚಾಳಿ ಪ್ರವಚನ ಮಾಡುವ ನಮ್ಮಂಥವರಿಂದಲೇ ಅವನಿಗೆ ಬಂದಿರಬಹುದು. ಆದರೆ ಚಿತ್ರ ಹಾಗೆ ಹೇಳುತ್ತಿಲ್ಲ. ಚಕ್ರವು ಆ ಬಿಂದುವಿಗೆ ಬರುವಷ್ಟರಲ್ಲಿ ದಾರಿ ಆಗಲೇ ನಿಶ್ಚಯವಾಗಿರುತ್ತದೆ. ಪಕ್ಕದ ಚೆಕ್ ರೈಲು ಅದನ್ನು ಅತ್ತಿತ್ತ ಸರಿಯಗೊಡುವುದಿಲ್ಲ. ನಿರ್ಧಾರವಾಗುವುದು ಅದಕ್ಕೂ ಹಿಂದೆ, ‘ಟಂಗ್ ರೈಲ್’ ಎನ್ನುವ, ತುದಿಯಲ್ಲಿ ಚೂರಿಯಂತೆ ತೆಳುವಾದ ಹಳಿಯ ಬಳಿ. ಅದು ಸರಿಯುವುದು ಒಂದು ಗೇಣಿಗಿಂತಲೂ ಕಡಿಮೆ. ಆ ತುದಿ ಈ ಚಿತ್ರದ ಚೌಕಟ್ಟಿನೊಳಗೇ ಇಲ್ಲ.

ಬಂಟ್ವಾಳದ ಯುವಕನದು ಸಾದಾ ಮೊಬೈಲ್ ಫೋನು. ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಮಳೆ ಬಿಟ್ಟ ಮೇಲೆ ತೆಗೆದ ಚಿತ್ರ. ಆಕಾಶ ಬೇಕಾದದ್ದಕ್ಕಿಂತ ಹೆಚ್ಚಾಯಿತು. ಬಲಬದಿಯ ಕಂಬ ಅಡ್ಡ ಬಂದಿದೆ. ಆದರೂ ಮೂರರಲ್ಲಿ ನನಗೆ ಮೆಚ್ಚುಗೆಯಾದದ್ದು ಇದೇ. ಮುಖ್ಯ ಹಳಿಯ ನೆತ್ತಿ ಚಕ್ರಗಳ ಉಜ್ಜುವಿಕೆಯಿಂದ ಬೆಳ್ಳಿಯಂತಿದೆ. ಲೂಪಿನದರ ಮೇಲೆ ತೆಳುವಾದ ಕಂದು ತುಕ್ಕು ಕೂತಿದೆ. ರೈಲು ಯಾವ ದಾರಿಯಲ್ಲಿ ಹೆಚ್ಚಾಗಿ ಓಡುತ್ತದೆ ಎಂಬುದನ್ನು ಚಿತ್ರವೇ ಹೇಳುತ್ತದೆ. ಟಂಗ್ ರೈಲಿನ ಬಳಿ ಬಾಗಿ ಎಣ್ಣೆ ಹಚ್ಚುತ್ತಿರುವ ಒಬ್ಬ ಕೆಲಸಗಾರನ ಬೆನ್ನು ಕಾಣುತ್ತದೆ. ಇದಕ್ಕೆ ಶೀರ್ಷಿಕೆ ಬೇಕಿಲ್ಲ.

ಇನ್ನು ಹೇಳದೆ ಉಳಿದ ಮಾತು. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಗೆ ತೀರ್ಪುಗಾರನಾಗಿದ್ದ ನಾನು, ಎರಡು ಹಳಿಗಳ ನಡುವೆ ಮಂಡಿಯೂರಿ ತೆಗೆದ ಚಿತ್ರವೊಂದಕ್ಕೆ ಮೊದಲ ಬಹುಮಾನ ಕೊಟ್ಟೆ. ತೆಗೆದವನು ಎಲ್ಲಿ ನಿಂತಿದ್ದ ಎಂದು ಕೇಳಲಿಲ್ಲ. ಮರುವರ್ಷ ಬಂದ ಚಿತ್ರಗಳಲ್ಲಿ ಅರ್ಧದಷ್ಟು ಹಳಿಗಳ ನಡುವಿನಿಂದಲೇ ತೆಗೆದವು. ನನ್ನ ಮೆಚ್ಚುಗೆ ಎಷ್ಟು ಮಕ್ಕಳನ್ನು ಅಲ್ಲಿಗೆ ಇಳಿಸಿತೋ ಎಂದು ಆ ದಿನ ಎದೆ ನಡುಗಿತು. ಅನುಮತಿಯಿಲ್ಲದೆ ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಅಪರಾಧ. ಅದಕ್ಕೂ ಮಿಗಿಲಾಗಿ, ದೂರದಲ್ಲಿ ಕುಳಿತವರು ಮೋಟಾರಿನಿಂದ ಸರಿಸುವ ಟಂಗ್ ರೈಲು ನಡುವೆ ಸಿಕ್ಕ ಪಾದವನ್ನು ಬಿಡುವುದಿಲ್ಲ. ಛಾಯಾಚಿತ್ರವನ್ನು ವಿಮರ್ಶಿಸುವವನು ಚಿತ್ರ ಹೇಗಿದೆ ಎಂಬುದರ ಜೊತೆಗೆ ಎಲ್ಲಿ ನಿಂತು ತೆಗೆದದ್ದು ಎಂದೂ ಕೇಳಬೇಕು. ಬಂಟ್ವಾಳದ ಚಿತ್ರ ಆ ಪ್ರಶ್ನೆಗೂ ನೇರವಾಗಿ ಉತ್ತರಿಸುತ್ತದೆ.

ಮಂಗಳೂರು–ಹಾಸನ ಮಾರ್ಗ 1979ರಲ್ಲಿ ಪೂರ್ಣಗೊಂಡಾಗ ಅದು ಮೀಟರ್ ಗೇಜ್. ಬ್ರಾಡ್ ಗೇಜಾಗಿ ಪರಿವರ್ತನೆಗೊಂಡು ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಆ ಕಿರಿದಾದ ಹಳಿಯಲ್ಲಿ ಪ್ರಯಾಣ ಮಾಡಿದವನು ನಾನು. ಅದರ ಒಂದು ಕವಲಿನ ಚಿತ್ರವೂ ನನ್ನ ಬಳಿ ಇಲ್ಲ. ತೆಗೆಯಲು ಯೋಗ್ಯವಾದದ್ದೆಂದು ಅಂದು ಅನಿಸಿರಲಿಲ್ಲ. ಆದುದರಿಂದ ಬಂಟ್ವಾಳದ ಯುವಕನಿಗೆ ನನ್ನ ಸಲಹೆ ಇಷ್ಟೇ: ಚಿತ್ರವನ್ನು ಅಚ್ಚು ಹಾಕಿಸು, ಹಿಂಬದಿಯಲ್ಲಿ ಊರಿನ ಹೆಸರು, ದಿನಾಂಕ ಬರೆದಿಡು.