ಮುಚ್ಚದೆ ಬಿಟ್ಟ ಬೆಟ್ಟ

ಪಾಲ್ ಸೆಜಾನ್‌ನ ಜಲವರ್ಣಗಳನ್ನು ಅರ್ಧಕ್ಕೆ ನಿಂತ ಚಿತ್ರಗಳೆಂದು ಬದಿಗೆ ಸರಿಸುವವರು ಈಗಲೂ ಇದ್ದಾರೆ. ದಕ್ಷಿಣ ಫ್ರಾನ್ಸಿನ ಏಕ್ಸ್ ಪಟ್ಟಣದ ಬಳಿಯ ಸಾಂತ್ ವಿಕ್ತ್ವಾರ್ ಬೆಟ್ಟವನ್ನು ಆತ 1906ರಲ್ಲಿ ಸಾಯುವವರೆಗೂ ಮತ್ತೆ ಮತ್ತೆ ಬರೆದ. ಕೊನೆಯ ವರ್ಷಗಳ ಆ ಹಾಳೆಗಳಲ್ಲಿ ಬಣ್ಣ ತಾಗದ ಜಾಗ ಧಾರಾಳವಾಗಿದೆ. ಪೆನ್ಸಿಲಿನ ಅನುಮಾನದ ಗೆರೆ, ಪಕ್ಕದಲ್ಲಿ ತೆಳು ನೀಲಿ, ಅಲ್ಲೊಂದು ಹಸಿರು, ಆಮೇಲೆ ಬರಿ ಕಾಗದ.

ಜಲವರ್ಣದಲ್ಲಿ ಬಿಳುಪನ್ನು ಹಚ್ಚುವುದಕ್ಕಿಂತ ಉಳಿಸಿಕೊಳ್ಳುವುದೇ ಹೆಚ್ಚು. ಬೆಳಕು ತೆಳು ಬಣ್ಣವನ್ನು ಹಾದು ಕಾಗದಕ್ಕೆ ತಾಗಿ ಮರಳುತ್ತದೆ; ಪದರ ಏರಿದಂತೆ ಕುಂದುತ್ತದೆ. ಕೆಳಗಿನದು ಒಣಗುವ ಮೊದಲೇ ಇನ್ನೊಂದು ಎಳೆದರೆ ಎರಡೂ ಕಲೆತು ರಾಡಿ. 1904ರಲ್ಲಿ ಏಕ್ಸ್‌ಗೆ ಬಂದಿದ್ದ ಕಿರಿಯ ಚಿತ್ರಕಾರ ಎಮಿಲ್ ಬರ್ನಾರ್ ಕಣ್ಣಾರೆ ಕಂಡು ಬರೆದಿಟ್ಟಂತೆ, ಸೆಜಾನ್ ನೆರಳಿನಿಂದ ಶುರು ಮಾಡುತ್ತಿದ್ದ. ಮೊದಲೊಂದು ಕಲೆ, ಅದರ ಅಂಚು ದಾಟುವ ಇನ್ನೊಂದು, ಅದನ್ನೂ ದಾಟುವ ಮೂರನೆಯದು. ತೆರೆಗಳ ಹಾಗೆ ಒಂದರ ಮೇಲೊಂದು ಬಿದ್ದು ವಸ್ತು ಮೈದಳೆಯುತ್ತಿತ್ತು.

ದೂರದ ಗುಡ್ಡ ಮಸುಕು, ಹತ್ತಿರದ್ದು ಗಾಢ ಎಂದು ಡ್ರಾಯಿಂಗ್ ಮೇಷ್ಟ್ರುಗಳು ಹೇಳಿಕೊಡುತ್ತಾರೆ. ಅದನ್ನಷ್ಟೇ ಪಾಲಿಸಿದರೆ ಕ್ಯಾಲೆಂಡರಿನ ಬೆಟ್ಟ ಸಿಗುತ್ತದೆ, ತಪ್ಪೇನಿಲ್ಲ. ಸೆಜಾನ್ ಮಾತ್ರ ಶಿಖರದ ನೀಲಿಯನ್ನು ಬುಡದ ಮರಗಳಿಗೂ ತಂದು ಹಚ್ಚುತ್ತಾನೆ. ದೂರ ಹತ್ತಿರಗಳು ಆ ಬಣ್ಣದಿಂದಲೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆಟ್ಟದ ಅಂಚಿಗೆ ಒಂದೇ ಗೆರೆಯಿಲ್ಲ. ಎರಡು ಮೂರು ನೀಲಿ ಗೆರೆಗಳು ಜೊತೆಗೂಡಿ ಏರಿ ಎಲ್ಲೋ ತುಂಡಾಗುತ್ತವೆ. ಅಷ್ಟು ಭಾರದ ಕಲ್ಲು ಉಸಿರಾಡುತ್ತಿದೆಯೇನೋ ಅನಿಸುತ್ತದೆ.

ಕತೆ ಬರೆಯುವ ನನಗೆ ಹೊಟ್ಟೆಕಿಚ್ಚಾಗುವುದು ಇಲ್ಲೇ. ನಾವು ಹೊಡೆದುಹಾಕಿದ ಸಾಲು ಓದುಗರಿಗೆ ಕಾಣಿಸುವುದಿಲ್ಲ. ಇಲ್ಲಿ ಮೊದಲ ಹಿಂಜರಿಕೆಯೂ ಕೊನೆಯ ಪದರದ ಕೆಳಗಿನಿಂದ ಇಣುಕುತ್ತಿರುತ್ತದೆ. ಅದನ್ನು ಮುಚ್ಚಿಡಲು ಆತ ಹೋಗಿಲ್ಲ. ಹಾಗೆಂದು ಪ್ರತಿ ಖಾಲಿ ಜಾಗದಲ್ಲೂ ಮೌನದ ಮಹಿಮೆ ಹುಡುಕುವ ಭಕ್ತರ ಸಾಲಿಗೆ ನಾನು ಸೇರಲಾರೆ. ಕೆಲವು ಹಾಳೆಗಳು ಸುಮ್ಮನೆ ಕೈಬಿಟ್ಟಂತೆಯೇ ಕಾಣುತ್ತವೆ. ಆದರೆ ಬೆಟ್ಟದ ಎದೆಯ ಮೇಲೆ ಬಿಸಿಲು ಬಿದ್ದ ಕಡೆ ಅವನು ಕುಂಚ ಎತ್ತಿದ್ದಾನಲ್ಲ, ಅಲ್ಲಿ ಇನ್ನೊಂದು ಹನಿ ಬಣ್ಣ ಬಿದ್ದಿದ್ದರೂ ಬಿಸಿಲು ಸತ್ತಿರುತ್ತಿತ್ತು.

ಈ ಚಿತ್ರಗಳನ್ನು ನಮ್ಮಲ್ಲಿ ಹೆಚ್ಚಿನವರು ನೋಡುವುದು ಮುದ್ರಿತ ಪ್ರತಿಗಳಲ್ಲೇ. ಬೆಳಕಿಗೆ ಬಣ್ಣ ಮಾಸುವುದರಿಂದ ಮೂಲವನ್ನು ಮ್ಯೂಸಿಯಂಗಳೂ ಮಂದ ದೀಪದಲ್ಲಿ, ಕೆಲಕಾಲ ಮಾತ್ರ ತೋರಿಸುತ್ತವೆ. ನುಣುಪು ಆರ್ಟ್ ಪೇಪರಿನಲ್ಲಿ ಆ ಒರಟು ಕಾಗದದ ಕೆನೆಬಣ್ಣ ಸುಣ್ಣದ ಬಿಳುಪಾಗಿ ಬಿಡುತ್ತದೆ, ಚಿತ್ರ ಅರ್ಧಕ್ಕೇ ನಿಂತಂತೆ ಕಾಣುತ್ತದೆ.